ಆಕಾಶದ ತಾಪಮಾನ: ಫಾರ್ವರ್ಡ್ ಪಂಡಿತರಿಗೊಂದು ಕೈಪಿಡಿ

ಜುಲೈ ಬಂತೆಂದರೆ ಹಾಡಿದ್ದೇ ಹಾಡೋ ಕಿಸಬಾಯಿ ದಾಸನ ಹಾಗೆ ಆ ಸಂದೇಶ ಬಂದೇ ಬರುತ್ತದೆ. ಭೂಮಿ ಸೂರ್ಯನಿಂದ ದೂರ ಸರಿಯುತ್ತಿದೆ, ಹಿಂದೆಂದೂ ಕಾಣದ ಚಳಿ ಬೀಳಲಿದೆ, ತಪ್ಪದೇ ಎಲ್ಲರಿಗೂ ಕಳಿಸಿ! ದೂರ ಸರಿಯುವುದೇನೋ ನಿಜ. ಜನವರಿ ಮೊದಲ ವಾರ 14.7 ಕೋಟಿ ಕಿ.ಮೀ. ಇದ್ದ ಅಂತರ ಜುಲೈ ಮೊದಲ ವಾರಕ್ಕೆ 15.2 ಕೋಟಿ ಆಗುತ್ತದೆ. ಆಗ ಉತ್ತರ ಗೋಳಾರ್ಧಕ್ಕೆಲ್ಲ ಬೇಸಿಗೆ ಎಂಬ ಸಣ್ಣ ತಕರಾರನ್ನು ಪಂಡಿತರು ಲೆಕ್ಕಕ್ಕಿಟ್ಟಿಲ್ಲ, ಅಷ್ಟೆ.

ಆದರೆ ಒಂದೇ ಸರಕನ್ನು ಎಷ್ಟು ವರ್ಷ ಮಾರುವುದು? ತಲೆಯ ಮೇಲೆ ಇಡೀ ವಾತಾವರಣ ಬಿಟ್ಟಿಯಾಗಿ ಬಿದ್ದಿರುವಾಗ ಹೊಸ ಸುಳ್ಳಿಗೇನು ಬರ?

ಮೊದಲು ಬೆಟ್ಟದಿಂದ ಶುರುಮಾಡಿ. ಎವರೆಸ್ಟ್ ಸೂರ್ಯನಿಗೆ 8,849 ಮೀಟರ್ ಹತ್ತಿರ, ಆದ್ದರಿಂದ ಅಲ್ಲಿ ಧಗೆ ಹೆಚ್ಚು ಎಂದು ಬರೆಯಿರಿ. ಹಿಮದ ಫೋಟೊ ತೋರಿಸಿದವರನ್ನು ಗುಂಪಿನಿಂದ ತೆಗೆದುಹಾಕಿ. ಬಿಸಿಲು ಗಾಳಿಯನ್ನು ಹೆಚ್ಚೇನೂ ಕಾಯಿಸದೆ ದಾಟಿ ಬಂದು ನೆಲವನ್ನು ಕಾಯಿಸುತ್ತದೆ, ನೆಲ ಗಾಳಿಯನ್ನು ಕೆಳಗಿನಿಂದ ಕಾಯಿಸುತ್ತದೆ, ಮೇಲೇರಿದ ಗಾಳಿ ಒತ್ತಡ ಕಡಿಮೆಯಾಗಿ ಹಿಗ್ಗುತ್ತ ತಣ್ಣಗಾಗುತ್ತದೆ ಎಂದು ಯಾರಾದರೂ ವಾದಕ್ಕೆ ನಿಂತರೆ, ಅವರಿಗೂ ಅದೇ ಗತಿ. ಒಣಗಾಳಿ ಏರುವಾಗ ಕಿ.ಮೀ.ಗೆ 9.8 ಡಿಗ್ರಿ ಕಳೆದುಕೊಳ್ಳುತ್ತದೆ. ತೇವದ ಗಾಳಿಯಲ್ಲಿ ಆವಿ ಹನಿಗಟ್ಟಿ ಒಂದಷ್ಟು ಶಾಖ ವಾಪಸ್ ಕೊಡುವುದರಿಂದ ಇಳಿಕೆ ಕಡಿಮೆ. ಒಟ್ಟಾರೆ ಸರಾಸರಿ 6.5.

ಈ 6.5 ಬಹಳ ಕೆಲಸಕ್ಕೆ ಬರುವ ಅಂಕಿ; ಬಾಯಿಪಾಠ ಮಾಡಿ. ಸಮುದ್ರಮಟ್ಟದಲ್ಲಿ 15 ಡಿಗ್ರಿ ಇಟ್ಟುಕೊಂಡರೆ 11 ಕಿ.ಮೀ.ಗೆ ಮೈನಸ್ 56.5. ಇಲ್ಲಿಯವರೆಗೆ ಲೆಕ್ಕ ಸರಿಯಿದೆ, ಆದ್ದರಿಂದ ಇಲ್ಲಿಗೆ ನಿಲ್ಲಿಸಬೇಡಿ. ಗುಣಿಸುತ್ತಲೇ ಹೋಗಿ. 45 ಕಿ.ಮೀ. ಮುಟ್ಟುವಷ್ಟರಲ್ಲಿ ಮೈನಸ್ 277.5 ಬರುತ್ತದೆ. ನಿರಪೇಕ್ಷ ಶೂನ್ಯವೇ ಮೈನಸ್ 273.15! ವಿಶ್ವದಲ್ಲೆಲ್ಲೂ ಸಾಧ್ಯವಿಲ್ಲದ ಚಳಿಯನ್ನು ನೀವು ಕ್ಯಾಲ್ಕ್ಯುಲೇಟರಿನಲ್ಲೇ ಸಾಧಿಸಿದಿರಿ.

ಆ 45 ಕಿ.ಮೀ.ಯಲ್ಲಿ ನಿಜವಾಗಿ ಇರುವುದು ಸೊನ್ನೆಗೆ ಹತ್ತತ್ತಿರದ ತಾಪಮಾನ. 11 ಕಿ.ಮೀ. ಆಚೆ ಇಳಿಕೆ ನಿಂತುಹೋಗುತ್ತದೆಂದು 1902ರಲ್ಲಿ ಪ್ರಕಟಿಸಿದ ಫ್ರಾನ್ಸಿನ ಹವಾಮಾನ ವಿಜ್ಞಾನಿ ಟೆಸ್ರಾಂಕ್ ದ ಬೋರ್, ಅದಕ್ಕೂ ಮುಂಚೆ 200ಕ್ಕೂ ಹೆಚ್ಚು ಬಲೂನು ಹಾರಿಸಿದ್ದ. ಬಿಸಿಲು ತಾಗಿ ಥರ್ಮಾಮೀಟರೇ ಸುಳ್ಳು ಹೇಳುತ್ತಿರಬಹುದೆಂಬ ಅನುಮಾನಕ್ಕೆ ರಾತ್ರಿ ಹೊತ್ತು ಬೇರೆ ಹಾರಿಸಿ ನೋಡಿದ. ಕಳಿಸುವ ಮುಂಚೆ ಇಷ್ಟೊಂದು ಪರೀಕ್ಷೆ! ಫಾರ್ವರ್ಡ್ ಕಲೆಗೆ ಇಂಥವರು ನಾಲಾಯಕ್ಕು.

ಆ 11 ಕಿ.ಮೀ.ಯಿಂದ ಮೇಲಿನ ಪದರ, ಅಂದರೆ ಸಮೋಷ್ಣ ಮಂಡಲದಲ್ಲಿ ಓಝೋನ್ ಅತಿನೇರಳೆ ಕಿರಣಗಳನ್ನು ಹೀರಿ ಗಾಳಿಯನ್ನು ಕಾಯಿಸುತ್ತದೆ. ಓಝೋನ್ ದಟ್ಟವಾಗಿರುವುದು 20–25 ಕಿ.ಮೀ.ಯಲ್ಲಿ, ಬಿಸಿ ಹೆಚ್ಚಿರುವುದು ಮಾತ್ರ 50ರ ಹತ್ತಿರ. ಕಿರಣಗಳು ಮೊದಲು ಸಿಗುವುದು ಮೇಲಿನವರಿಗೆ. ಅಲ್ಲಿ ಗಾಳಿ ತೆಳು, ಸ್ವಲ್ಪ ಶಕ್ತಿಗೇ ಕಾಯುತ್ತದೆ. ಇಂಥ ವಿವರ ಸಂದೇಶದಲ್ಲಿ ಬೇಡ, ಓದುಗರು ಯೋಚಿಸಿಬಿಡುವ ಅಪಾಯವಿದೆ.

ಬದಲಿಗೆ ನಿಜವೇ ಸುಳ್ಳಿನಂತೆ ಕಾಣುವ ಸಂಗತಿಗಳಿವೆ. ಅವನ್ನು ಮಾತ್ರ ಪಂಡಿತರು ಯಾಕೋ ಮುಟ್ಟುವುದಿಲ್ಲ. ನಾವಿರುವ ಕೆಳಪದರ, ಅಂದರೆ ಪರಿವರ್ತನ ಮಂಡಲದ ಮೇಲಂಚು ಸಮಭಾಜಕದ ಮೇಲೆ ಸುಮಾರು 17 ಕಿ.ಮೀ.ಯಲ್ಲಿದ್ದು ಮೈನಸ್ 80ಕ್ಕೆ ಇಳಿದಿರುತ್ತದೆ. ಧ್ರುವಗಳ ಮೇಲೆ ಅದೇ ಅಂಚು 8–9 ಕಿ.ಮೀ.ಗೇ ಮುಗಿಯುವುದರಿಂದ ಅಷ್ಟು ಇಳಿಯಲು ಜಾಗವೇ ಇಲ್ಲ. ಇನ್ನು ಸಮೋಷ್ಣ ಮಂಡಲದ ಮೇಲಿನ ಪದರವಾದ ಮಧ್ಯಂತರ ಮಂಡಲದ ತುದಿ, ಸುಮಾರು 85–90 ಕಿ.ಮೀ. ಎತ್ತರ. ಧ್ರುವದ ಮೇಲೆ ಅದು ಅತಿ ತಣ್ಣಗಾಗುವುದು ಚಳಿಗಾಲದಲ್ಲಲ್ಲ, ಸೂರ್ಯ ಮುಳುಗದ ಬೇಸಿಗೆಯಲ್ಲಿ: ಮೈನಸ್ 130ರ ಆಸುಪಾಸು. ಕೆಳಗಿನಿಂದ ಬಂದ ಗಾಳಿಯ ಅಲೆಗಳು ಅಲ್ಲಿ ಒಡೆದು ಗಾಳಿಯನ್ನು ಮೇಲಕ್ಕೆಳೆಯುತ್ತವೆ, ಗಾಳಿ ಹಿಗ್ಗಿ ತಣ್ಣಗಾಗುತ್ತದೆ.

ಅದಕ್ಕೂ ಮೇಲಿನ ಉಷ್ಣತಾ ಮಂಡಲ ಬಂದಾಗ ಪಂಡಿತರಿಗೆ ಹಬ್ಬ. ಸೂರ್ಯ ಚುರುಕಾಗಿದ್ದಾಗ ಅಲ್ಲಿ 2,000 ಡಿಗ್ರಿವರೆಗೂ ಹೋಗುತ್ತದೆ; ರಾಕೆಟ್ ಕರಗಬೇಕಿತ್ತು, ಆದ್ದರಿಂದ ಚಂದ್ರನ ಮೇಲೆ ಯಾರೂ ಇಳಿದೇ ಇಲ್ಲ! ಭೇಷ್. 400 ಕಿ.ಮೀ. ಎತ್ತರದಲ್ಲಿ ಒಂದು ಕಣ ಇನ್ನೊಂದಕ್ಕೆ ಡಿಕ್ಕಿ ಹೊಡೆಯುವ ಮುನ್ನ ಕಿ.ಮೀ.ಗಟ್ಟಲೆ ಓಡುತ್ತದೆ. ಒಂದೊಂದು ಕಣಕ್ಕೂ ವೇಗ ವಿಪರೀತ, ಅದೇ ಆ 2,000. ಆದರೆ ಬಂದು ತಾಗುವ ಕಣಗಳು ಎಷ್ಟೋ ಕಡಿಮೆ. ನೆರಳಿನಲ್ಲಿ ಥರ್ಮಾಮೀಟರ್ ಹಿಡಿದರೆ ಅದು ಪಡೆಯುವ ಶಾಖಕ್ಕಿಂತ ಹೊರಸೂಸುವುದೇ ಹೆಚ್ಚಾಗಿ ಸೊನ್ನೆಯ ಕೆಳಕ್ಕೆ ಕುಸಿಯುತ್ತದೆ. ಅಲ್ಲಿ ಸುತ್ತುವ ಬಾಹ್ಯಾಕಾಶ ನಿಲ್ದಾಣದ ಎಂಜಿನಿಯರುಗಳ ತಲೆನೋವು ಈ ಗಾಳಿಯಲ್ಲ, ನೇರ ಬಿಸಿಲು ಮತ್ತು ನೆರಳಿನ ಅಂತರ.

ಕೊನೆಯದಾಗಿ, ಮಾರುಕಟ್ಟೆಯಲ್ಲಿ ಬೇಡಿಕೆಯಿರುವ ಸರಕು: ಸಮೋಷ್ಣ ಮಂಡಲ ದಶಕಗಳಿಂದ ತಣ್ಣಗಾಗುತ್ತಿದೆ, ಆದ್ದರಿಂದ ಭೂಮಿ ಬಿಸಿಯಾಗುತ್ತಿರುವುದು ಬುರುಡೆ. ತಣ್ಣಗಾಗುತ್ತಿರುವುದು ಸತ್ಯ. ಇಂಗಾಲದ ಡೈಆಕ್ಸೈಡ್ ಹೆಚ್ಚಾದರೆ ಕೆಳಗೆ ಶಾಖ ಸಿಕ್ಕಿಕೊಳ್ಳುತ್ತದೆ, ಮೇಲಿನ ತೆಳುಗಾಳಿಯಲ್ಲಿ ಅದೇ ಅನಿಲ ಶಾಖವನ್ನು ಬಾಹ್ಯಾಕಾಶಕ್ಕೆ ಸೂಸುತ್ತದೆ. ಹವಾಮಾನ ವಿಜ್ಞಾನಿಗಳಾದ ಮನಾಬೆ ಮತ್ತು ವೆದರಾಲ್ಡ್ 1967ರಲ್ಲೇ ಲೆಕ್ಕ ಹಾಕಿ ಹೇಳಿದ್ದು ಇದನ್ನೇ. ಸೂರ್ಯನೇ ಕಾರಣವಾಗಿದ್ದರೆ ಎರಡೂ ಕಡೆ ಬಿಸಿಯಾಗಬೇಕಿತ್ತು. ಹಾಗಾಗಿ ಗ್ರಾಫ್ ಹಾಕುವಾಗ ಎಚ್ಚರ: 20 ಕಿ.ಮೀ.ಗಿಂತ ಕೆಳಗಿನ ಭಾಗವನ್ನು ನೀಟಾಗಿ ಕತ್ತರಿಸಿ, ಮೂಲೆಯಲ್ಲಿರುವ ಸಂಸ್ಥೆಯ ಹೆಸರನ್ನು ಮಾತ್ರ ಹಾಗೇ ಉಳಿಸಿ.