ಡ್ರಿಲ್ ಮಾಸ್ತರರಿಗೆ ಮಕ್ಕಳ ಆರೋಗ್ಯದ ಹೊಣೆಯೂ ಬೇಕೇ?

ಪರ: ಮೈದಾನದಲ್ಲಿ ಮೈ ಸುಳ್ಳಾಡುವುದಿಲ್ಲ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ಕನ್ನಡ ಶಾಲೆಯೊಂದರಲ್ಲಿ 22 ವರ್ಷ ಗಣಿತ ಕಲಿಸಿದವಳು ನಾನು. ಏಳನೆಯ ತರಗತಿಯ ಹುಡುಗನೊಬ್ಬ ಬೋರ್ಡಿನ ಮೇಲಿನ 3 ಅನ್ನು 8 ಎಂದು ಬರೆದುಕೊಳ್ಳುತ್ತಿದ್ದ. ಗಮನವಿಲ್ಲವೆಂದು ವರ್ಷವಿಡೀ ಬೈದೆ. ನಮ್ಮ ಡ್ರಿಲ್ ಮಾಸ್ತರರು ಅವನಿಗೆ ತ್ರೋಬಾಲ್ ಎಸೆದದ್ದು ಒಂದೇ ವಾರ. ಚೆಂಡು ಎದೆಗೆ ಬಡಿದ ಮೇಲೆ ಅವನ ಕೈ ಮೇಲೇಳುತ್ತಿತ್ತು. "ಟೀಚರೇ, ಇವನಿಗೆ ಚೆಂಡು ಕಾಣುವುದೇ ಹತ್ತಿರ ಬಂದ ಮೇಲೆ. ಕಣ್ಣಿನ ಡಾಕ್ಟರಿಗೆ ತೋರಿಸಲು ಮನೆಯವರಿಗೆ ಹೇಳೋಣ" ಎಂದರು. ಕನ್ನಡಕ ಬಂದ ದಿನ ಆ ಹುಡುಗ ಮೈದಾನದ ಆಚೆ ತುದಿಯ ಗೇರುಮರವನ್ನು ನೋಡುತ್ತಾ ನಿಂತೇ ಇದ್ದ. ಅಂದು ನನಗಾದ ನಾಚಿಕೆ ಇನ್ನೂ ಹೋಗಿಲ್ಲ.

ಎರಡು ಸುತ್ತು ಓಡುವಷ್ಟರಲ್ಲಿ ಏದುಸಿರು ಬಿಡುವವಳು, ತಿಂಡಿಯಿಲ್ಲದೆ ಬಂದು ಅಸೆಂಬ್ಲಿಯಲ್ಲಿ ತಲೆಸುತ್ತಿ ಕೂರುವವನು, ಇವರೆಲ್ಲ ಬೆಂಚಿನ ಮೇಲೆ ಕುಳಿತಾಗ ಬೇರೆ ಮಕ್ಕಳ ಹಾಗೆಯೇ ಕಾಣುತ್ತಾರೆ. ನಮಗೆ ಗೊತ್ತಾಗುವುದಿಲ್ಲ, ಡ್ರಿಲ್ ಮಾಸ್ತರರಿಗೆ ಗೊತ್ತಾಗುತ್ತದೆ.

2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನದಲ್ಲಿ ಕೇರಳದ ವಯಸ್ಕರಲ್ಲಿ ಶೇ 25.5ರಷ್ಟು ಮಂದಿಗೆ ಸಕ್ಕರೆ ಕಾಯಿಲೆ. ನಾಲ್ವರಲ್ಲಿ ಒಬ್ಬರು! 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈದಣಿಯಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಾವು ತೋಟ ದಾಟಿ, ಅಡಕೆ ಮರದ ಸಂಕ ದಾಟಿ ಶಾಲೆಗೆ ನಡೆದವರು. ಈಗ ವ್ಯಾನು ಅಂಗಳಕ್ಕೇ ಬರುತ್ತದೆ. ಉಳಿದಿರುವುದು ಪಿ.ಟಿ. ಪೀರಿಯಡ್ ಒಂದೇ, ಪರೀಕ್ಷೆ ಹತ್ತಿರವಾದರೆ ಅದನ್ನೂ ನನ್ನಂಥವರು ಕೇಳಿ ಪಡೆಯುತ್ತೇವೆ. ಮೈದಾನವಿಲ್ಲದ ಶಾಲೆಗಳ ಮೇಲೆ, ಮುಚ್ಚಿಸುವುದೂ ಸೇರಿದಂತೆ, ಕಠಿಣ ಕ್ರಮ ಬೇಕೆಂದು 2024ರಲ್ಲಿ ಕೇರಳ ಹೈಕೋರ್ಟೇ ಹೇಳಿತು. ಮೈದಾನಕ್ಕೆ ಇಷ್ಟು ಬೆಲೆಯಿರುವಾಗ ಅಲ್ಲಿ ಬಿಸಿಲಲ್ಲಿ ನಿಂತವರಿಗೂ ಇರಬೇಡವೇ?

ಅವರು ಡಾಕ್ಟರಲ್ಲ ಎನ್ನುವವರಿದ್ದಾರೆ. ಮನೆಯ ಅಜ್ಜಿಯೂ ಡಾಕ್ಟರಲ್ಲ. ಹಣೆ ಮುಟ್ಟಿ ಜ್ವರವೆನ್ನಲು ಅವಳಿಗೆ ಯಾರ ಅಪ್ಪಣೆ ಬೇಕಿತ್ತು? ಮಕ್ಕಳ ತೂಕ, ದೃಷ್ಟಿ, ಓಟದ ಉಸಿರು ಇವನ್ನು ವರ್ಷಕ್ಕೆರಡು ಸಲ ಬರೆದಿಡಲಿ. ಸಂಶಯ ಬಂದ ಮಗುವನ್ನು ಆರೋಗ್ಯ ಕೇಂದ್ರಕ್ಕೆ ಕಳುಹಿಸುವ ಅಧಿಕಾರ ಅವರಿಗೆ ಸಿಗಲಿ.

ವಿರೋಧ: ಮೊದಲು ಆಸ್ಪತ್ರೆ

ಮಕ್ಕಳು ಆಡಬೇಕೆಂಬುದರಲ್ಲಿ ನನಗೂ ಎರಡು ಮಾತಿಲ್ಲ. ವಿರೋಧದ ಪಕ್ಷ ವಹಿಸಲು ಕೇಳಿಕೊಂಡಾಗ ಒಪ್ಪಿದ್ದು 'ಹೊಣೆ' ಎಂಬ ಒಂದು ಮಾತಿಗಾಗಿ. ಕೇರಳದಲ್ಲಿ ಡ್ರಿಲ್ ಮಾಸ್ತರರ ಹುದ್ದೆ ಸಿಗುವುದು ಮಕ್ಕಳ ಸಂಖ್ಯೆಯನ್ನು ನೋಡಿ. ನಾನು ರಕ್ಷಕ-ಶಿಕ್ಷಕ ಸಂಘದಲ್ಲಿದ್ದ ಆರು ವರ್ಷವೂ ನಮ್ಮ ಪುಟ್ಟ ಕನ್ನಡ ಶಾಲೆಯಲ್ಲಿ ಡ್ರಿಲ್ ಮಾಸ್ತರರೇ ಇರಲಿಲ್ಲ. ಕ್ರೀಡಾಕೂಟಕ್ಕೆ ಮಕ್ಕಳನ್ನು ಕರೆದೊಯ್ಯುತ್ತಿದ್ದವರು ಹಿಂದಿ ಟೀಚರು. ಇಲ್ಲದವರಿಗೆ ಹೊಣೆ ಹೊರಿಸುವುದು ಹೇಗೆ? ಇರುವ ಕಡೆ ಕ್ರೀಡಾಕೂಟ, ಶಿಸ್ತು, ಅಸೆಂಬ್ಲಿ ಎಲ್ಲವೂ ಅವರೊಬ್ಬರ ತಲೆಗೇ. ಸೀಟಿ ಊದಿದರೆ ಸಕ್ಕರೆ ಕಾಯಿಲೆ ಓಡಿಹೋಗುವುದಿಲ್ಲ.

2020ರ ಮಾರ್ಚ್ ಕೊನೆಯ ವಾರ. ಅಮ್ಮನಿಗೆ ವಾರಕ್ಕೆರಡು ಸಲ ಮಂಗಳೂರಿನಲ್ಲಿ ಡಯಾಲಿಸಿಸ್. ಇಲ್ಲಿಯವರಿಗೆ ದೊಡ್ಡ ಕಾಯಿಲೆಗೆಲ್ಲ ಮಂಗಳೂರೇ ಗತಿ. ಕೊರೊನಾ ಎಂದು ಕರ್ನಾಟಕ ಗಡಿ ಮುಚ್ಚಿತ್ತು, ಗಡಿಯ ತಲಪಾಡಿಯಲ್ಲಿ ನಮ್ಮ ಕಾರನ್ನು ತಡೆದರು. ಒಳದಾರಿ ಹಿಡಿದು ಹೋದರೆ ರಸ್ತೆಗೆ ಅಡ್ಡಲಾಗಿ ಲಾರಿಗಟ್ಟಲೆ ಕೆಂಪು ಮಣ್ಣು. ಆಚೆ ಬದಿಯಲ್ಲಿ ಅದೇ ಡಾಂಬರು, ಅದೇ ತೆಂಗಿನ ಸಾಲು. ಅಮ್ಮ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕುಳಿತಿದ್ದರು. ಬಾತ ಪಾದಕ್ಕೆ ಬೆರಳೊತ್ತಿದರೆ ಗುಳಿ ಬಿದ್ದು ಹಾಗೆಯೇ ಉಳಿಯುತ್ತಿತ್ತು. "ಮನೆಗೆ ಹೋಗುವ ಮಗಾ" ಎಂದರು.

ಐದನೆಯ ದಿನ ದಕ್ಷಿಣಕ್ಕೆ ಎರಡು ಗಂಟೆ ದೂರದ ಊರಿನಲ್ಲಿ ಜಾಗ ಸಿಕ್ಕಿತು, ಅಮ್ಮ ಉಳಿದರು. ಆ ಐದು ದಿನವೂ ನಾನು ಫೋನಿನಲ್ಲಿ ಹುಡುಕುತ್ತಿದ್ದುದು ಒಂದು ಯಂತ್ರವನ್ನು, ಅದನ್ನು ನಡೆಸಬಲ್ಲ ಒಬ್ಬರನ್ನು.