‘ಅಲ್ಲಿ’ ಎಂದರೆ ಎಲ್ಲಿ?

ಕಳೆದ ತಿಂಗಳು ಚಿಕ್ಕಮ್ಮನನ್ನು ಸ್ತ್ರೀರೋಗ ತಜ್ಞೆಯ ಬಳಿ ಕರೆದುಕೊಂಡು ಹೋಗಿದ್ದೆ. ‘ಅಲ್ಲಿ ಗಂಟಾಗಿದೆ’ ಎಂದರು. ಎಲ್ಲಿ ಎಂದರೆ ‘ಕೆಳಗೆ’. ವೈದ್ಯೆ ಕಿಬ್ಬೊಟ್ಟೆ ಮುಟ್ಟಿದರು, ಅಲ್ಲ. ತೊಡೆಯ ಸಂದಿ, ಅದೂ ಅಲ್ಲ. ಚಿಕ್ಕಮ್ಮ ನನ್ನ ಮುಖ ನೋಡಿದರು. ದಿನವಿಡೀ ಕನ್ನಡದಲ್ಲಿ ಬರೆದು ಬದುಕುವ ನನ್ನ ಬಾಯಿಂದ ಬಂದದ್ದು ‘ಮೂತ್ರ ಮಾಡುವ ಜಾಗದ ಹತ್ತಿರ’. ಅದೂ ತಪ್ಪೇ. ಅದಕ್ಕೂ ಮೊದಲು ಮೂರು ವಾರ ‘ಕೂರಲು ಆಗುತ್ತಿಲ್ಲ’ ಎಂದಷ್ಟೇ ಹೇಳಿ, ಔಷಧಿ ಅಂಗಡಿಯಿಂದ ಮೂಲವ್ಯಾಧಿಯ ಮುಲಾಮು ತಂದು ಹಚ್ಚಿಕೊಂಡಿದ್ದರಂತೆ.

ಊತವಿದ್ದದ್ದು ಬಾರ್ಥೊಲಿನ್ ಗ್ರಂಥಿಯಲ್ಲಿ. ಯೋನಿದ್ವಾರದ ಎಡಬಲಕ್ಕೆ ಬಟಾಣಿ ಕಾಳಿನಷ್ಟು ಚಿಕ್ಕ ಎರಡು ಗ್ರಂಥಿಗಳಿವೆ. ದ್ರವ ಹೊರಬರುವ ನಾಳ ಕಟ್ಟಿಕೊಂಡರೆ ಊದುತ್ತವೆ. 1677ರಲ್ಲಿ ಇವನ್ನು ವರ್ಣಿಸಿದ ಡೆನ್ಮಾರ್ಕಿನ ಕ್ಯಾಸ್ಪರ್ ಬಾರ್ಥೊಲಿನ್‌ನ ಹೆಸರೇ ಉಳಿದಿದೆ ಎಂದಾಗ ಚಿಕ್ಕಮ್ಮ, ‘ಅವನಿಗೇಕೆ ಬೇಕಿತ್ತು ಈ ಉಸಾಬರಿ?’ ಎಂದರು. ವೈದ್ಯೆಯೂ ನಕ್ಕರು.

ಕನ್ನಡದಲ್ಲಿ ಪದಗಳೇ ಇಲ್ಲ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಜಾತಕ ಹೊಂದಿಸುವಾಗ ಪುರೋಹಿತರು ಗಂಡು ಹೆಣ್ಣಿನ ಕಡೆಯವರ ಎದುರೇ ‘ಯೋನಿಕೂಟ’ದ ಗುಣ ಎಣಿಸುತ್ತಾರೆ. ಹರಿಕಥೆಯಲ್ಲಿ ಎಂಬತ್ತನಾಲ್ಕು ಲಕ್ಷ ಯೋನಿಗಳು ಬಂದು ಹೋಗುತ್ತವೆ. ಯಾರೂ ತಲೆ ತಗ್ಗಿಸುವುದಿಲ್ಲ. ಅದೇ ಪದ ನಮ್ಮ ಮೈಗೆ ಬಂದ ತಕ್ಷಣ ಗುಪ್ತಾಂಗವಾಗುತ್ತದೆ, ಮರ್ಮಾಂಗವಾಗುತ್ತದೆ. ಇಲ್ಲವೇ ‘ಮಾನ’ವಾಗುತ್ತದೆ. ಮಾನ ಮುಚ್ಚಿಕೊಳ್ಳುವುದು ಎನ್ನುತ್ತೇವಲ್ಲ, ಅಂಗಕ್ಕೂ ಮರ್ಯಾದೆಗೂ ಒಂದೇ ಪದ! ಲ್ಯಾಟಿನ್ನೂ ಕಡಿಮೆಯದಲ್ಲ. ವೈದ್ಯರು ಶತಮಾನಗಳ ಕಾಲ ಬಳಸಿದ ‘ಪುಡೆಂಡಮ್’ ಪದದ ಅರ್ಥ ನಾಚಬೇಕಾದದ್ದು ಎಂದೇ. ಅಂಗರಚನಾಶಾಸ್ತ್ರದ ಅಂತರರಾಷ್ಟ್ರೀಯ ಪದಪಟ್ಟಿಯಿಂದ ಅದು ಹೋದದ್ದು 2019ರಲ್ಲಿ. ಆ ಭಾಗದ ನರದ ಹೆಸರಲ್ಲಿ ಮಾತ್ರ ನಾಚಿಕೆ ಇನ್ನೂ ಉಳಿದಿದೆ.

ನನ್ನ ತಕರಾರು ಇನ್ನೊಂದಿದೆ. ಇಂಗ್ಲಿಷ್‌ನಲ್ಲಿ ಹೊರಗೆ ಕಾಣುವ ಭಾಗ ವಲ್ವಾ, ಒಳಗಿನ ನಾಳ ವಜೈನಾ. ನಾವು ಎರಡಕ್ಕೂ ಯೋನಿ ಎನ್ನುತ್ತೇವೆ. ಹೊರಗಿನ ಮಡಿಕೆಗಳಿಗೆ ವೈದ್ಯಪುಸ್ತಕಗಳು ಕೊಟ್ಟ ‘ಭಗೋಷ್ಠ’ ಯಾರ ನಾಲಿಗೆಗೂ ಹತ್ತುವುದಿಲ್ಲ. ಲ್ಯಾಟಿನ್ನಿನ ಲೇಬಿಯಾ ಎಂದರೂ ತುಟಿಗಳೇ ತಾನೇ? ಹೊರತುಟಿ, ಒಳತುಟಿ ಎಂದರೆ ಅಜ್ಜಿಗೂ ಅರ್ಥವಾಗುತ್ತದೆ. ಇದು ಬರೀ ಪದದ ಚಪಲವಲ್ಲ. ಅತ್ಯಾಚಾರದ ವ್ಯಾಖ್ಯೆಯಲ್ಲಿ ಯೋನಿ ಎಂದರೆ ಹೊರತುಟಿಯೂ ಸೇರುತ್ತದೆ ಎಂದು 2013ರ ತಿದ್ದುಪಡಿಯಿಂದಲೇ ಕಾನೂನು ಸ್ಪಷ್ಟವಾಗಿ ಹೇಳುತ್ತಿದೆ. ಕಾನೂನು ಇಷ್ಟು ಬಿಡಿಸಿ ಹೇಳುವಾಗ, ‘ಅಲ್ಲಿ ಮುಟ್ಟಿದರು’ ಎಂದಷ್ಟೇ ಹೇಳಬಲ್ಲ ಮಗುವನ್ನು ಠಾಣೆಯಲ್ಲಿ ಎಷ್ಟು ಸಲ ‘ಎಲ್ಲಿ?’ ಎಂದು ಕೇಳಬೇಕಾದೀತು?

ಮೊನ್ನೆ ಚಿಕ್ಕಮ್ಮ ಫೋನ್ ಮಾಡಿದ್ದರು. ‘ಆ ಡೆನ್ಮಾರ್ಕಿನವನ ಹೆಸರೇನೇ? ಪಕ್ಕದ ಮನೆಯವಳಿಗೂ ಹಾಗೆಯೇ ಆಗಿದೆಯಂತೆ. ಎಂಟು ತಿಂಗಳಿಂದ ಯಾರಿಗೂ ಹೇಳಿಲ್ಲ.’