ಮಳೆನೀರಿಗೂ ಹತ್ತು ವರ್ಷ

ಹಸ್ತ ಮಳೆ ಹಿಡಿದು ಮೂರನೆಯ ದಿನ. ನಮ್ಮ ಕಡೆಯ ಒಂದು ಹಳ್ಳಿಯಲ್ಲಿ, ಶುಂಠಿ ಗದ್ದೆಯ ಅಂಚಿನ ಮನೆಯೊಂದರ ಹಿತ್ತಲಿನಲ್ಲಿ ಕಿತ್ತು ಒಟ್ಟಿದ್ದ ಗಾಂಜಾ ಗಿಡಗಳು ಸಿಕ್ಕಿದವು. ಪೊಲೀಸರಿಗೆ ಪಂಚರು, ಅಂದರೆ ಜಪ್ತಿಗೆ ಸಾಕ್ಷಿಗಳು, ಬೇಕಿತ್ತು. ಅಡಿಕೆ ಮಂಡಿಯಲ್ಲಿ ನಲವತ್ತು ವರ್ಷ ತೂಕ ನೋಡಿ ಕಣ್ಣು ಪಳಗಿದ ನಮ್ಮ ದೊಡ್ಡಪ್ಪ ಡೇರಿಗೆ ಹಾಲು ಹಾಕಿ ಅದೇ ದಾರಿಯಲ್ಲಿ ಬರುತ್ತಿದ್ದರು. ತಡೆದು ನಿಲ್ಲಿಸಿದರು. ಕೊಡೆ ಹಿಡಿಯಲು ನಾನಿದ್ದೆ.

ರೇಷನ್ ಅಂಗಡಿಯಿಂದ ತೂಕದ ಯಂತ್ರ ಬಂತು. ಗಿಡಗಳನ್ನು ಬೇರುಸಹಿತ, ಬೇರಿಗೆ ಅಂಟಿದ ಕೆಮ್ಮಣ್ಣುಸಹಿತ, ಎಲೆಯ ಮೇಲಿನ ಮಳೆಸಹಿತ ಗೋಣಿಚೀಲಕ್ಕೆ ತುರುಕಿ ಯಂತ್ರದ ಮೇಲೆ ಇಟ್ಟರು. ಇಪ್ಪತ್ತೊಂದು ಕೆ.ಜಿ. ಮುನ್ನೂರು ಗ್ರಾಂ. ಚೀಲದ ಮೂಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಬರೆಯುವವನು ಪೆನ್ನಿನ ಮುಚ್ಚಳ ತೆಗೆಯುವಷ್ಟರಲ್ಲಿ ಅಂಕಿ ಇನ್ನೂರೈವತ್ತಕ್ಕೆ ಇಳಿಯಿತು.

‘ಬೇಗ ಬರೆಯಪ್ಪ’ ಎಂದರು ಸಾಹೇಬರು.

‘ಹಸಿ ಎಷ್ಟು ಕಳೆದಿರಿ ಸ್ವಾಮಿ?’ ಎಂದು ದೊಡ್ಡಪ್ಪ ಕೇಳಿದರು.

‘ಕಳೆಯುವುದು ಏನನ್ನು ಯಜಮಾನರೇ?’

‘ಒಂದು ಕ್ವಿಂಟಾಲ್ ಹಸಿ ಅಡಿಕೆ ಸುಲಿದು, ಬೇಯಿಸಿ, ಒಣಗಿಸಿದರೆ ಹದಿಮೂರು ಕೆ.ಜಿ. ಸಿಕ್ಕರೆ ಪುಣ್ಯ. ಇದರಲ್ಲಿ ಬೇರು, ಮಣ್ಣು, ನೀರು ತೆಗೆದರೆ ನಾಲ್ಕು ಕೆ.ಜಿ.ಯೂ ನಿಲ್ಲುವುದಿಲ್ಲ.’

‘ಇದು ಮಂಡಿಯಲ್ಲ ಯಜಮಾನರೇ.’

‘ಹೌದು ಸ್ವಾಮಿ. ಮಂಡಿಯಲ್ಲಿ ಮಣ್ಣು ಸೇರಿಸಿ ತೂಗಿದರೆ ಬೈದು ಕಳಿಸುತ್ತಾರೆ.’

ದೊಡ್ಡಪ್ಪನಿಗೆ ಗೊತ್ತಿಲ್ಲದ ಸಂಗತಿಯೆಂದರೆ, ಆ ಒಂದು ಕೆ.ಜಿ. ಕೆಮ್ಮಣ್ಣಿನ ಬೆಲೆ ಎಷ್ಟು ಎನ್ನುವುದು. ಮಾದಕವಸ್ತು ಕಾಯ್ದೆಯ ಲೆಕ್ಕದಲ್ಲಿ ಒಂದು ಕೆ.ಜಿ.ವರೆಗಿನ ಗಾಂಜಾ ‘ಅಲ್ಪ ಪ್ರಮಾಣ’, ಅದಕ್ಕೆ ಹೆಚ್ಚೆಂದರೆ ಒಂದು ವರ್ಷ. ಇಪ್ಪತ್ತು ಕೆ.ಜಿ. ಮುಟ್ಟುವವರೆಗೆ ಹೆಚ್ಚೆಂದರೆ ಹತ್ತು ವರ್ಷ. ಇಪ್ಪತ್ತು ದಾಟಿತೋ ಅದು ‘ವಾಣಿಜ್ಯ ಪ್ರಮಾಣ’, ಕಡಿಮೆಯೆಂದರೂ ಹತ್ತು ವರ್ಷ, ಮೇಲೆ ಲಕ್ಷಕ್ಕೆ ಕಡಿಮೆಯಿಲ್ಲದ ದಂಡ. ಗಿಡ ಬೆಳೆದದ್ದಕ್ಕೆ ಶಿಕ್ಷೆ ಬೇರೆ. ಅಂದರೆ ನಮ್ಮ ಕಡೆ ಆರೋಪಿಯ ಆಯುಷ್ಯ ತೀರ್ಮಾನವಾಗುವುದು ಹಸ್ತ ಮಳೆ ಜೋರಾಗಿತ್ತೋ ಹದವಾಗಿತ್ತೋ ಎನ್ನುವುದರ ಮೇಲೆ. ಬಯಲುಸೀಮೆಯವನಿಗೆ ಈ ಭಯವಿಲ್ಲ, ಅಲ್ಲಿ ಗಿಡ ಒಣಗಿಯೇ ಸಿಗುತ್ತದೆ. ಆಗುಂಬೆಯಲ್ಲಿ ಸಿಕ್ಕಿಬಿದ್ದವನ ಗತಿಯನ್ನು ಮಾತ್ರ ಕೇಳಬೇಡಿ.

ತಮಾಷೆ ಇನ್ನೂ ಇದೆ. ಇದೇ ಕಾಯ್ದೆ ಗಾಂಜಾ ಎಂದರೆ ಏನೆಂದು ಬರೆದುಕೊಂಡಿದೆ: ಗಿಡದ ತುದಿಯ ಹೂವು ಅಥವಾ ಕಾಯಿಯ ಗೊಂಚಲು. ತುದಿ ಜೊತೆಗಿಲ್ಲದ ಎಲೆ ಮತ್ತು ಬೀಜ ಇದರಲ್ಲಿ ಸೇರುವುದಿಲ್ಲ. ಬೇರಿನ ಹೆಸರೇ ಇಲ್ಲ. ಕೆಮ್ಮಣ್ಣು, ಮಳೆ, ಗೋಣಿಚೀಲ ಇವುಗಳನ್ನೂ ಸಂಸತ್ತು ನೆನೆಸಿಕೊಂಡಿಲ್ಲ. ಎಷ್ಟೋ ವಕೀಲರು ನ್ಯಾಯಾಲಯದಲ್ಲಿ ಎತ್ತುವ ಮೊದಲ ತಕರಾರೇ ಇದು. ಹಾಗಿದ್ದರೂ ಹಿತ್ತಲಿನಲ್ಲಿ ಕುಳಿತು ಹೂವು ಬಿಡಿಸುವಷ್ಟು ಪುರುಸೊತ್ತು ಯಾರಿಗಿದೆ? ಮಲ್ಲಿಗೆಯಾಗಿದ್ದರೆ ಹೆಂಗಸರನ್ನು ಕರೆಯಬಹುದಿತ್ತು.

ಹೂವಿನಿಂದ ಬಿಡಿಸಿದ ಎಲೆಗೆ ಭಂಗಿ ಎಂದು ಹೆಸರು. ಭಂಗಿ ಈ ಕಾಯ್ದೆಯಡಿ ಗಾಂಜಾ ಅಲ್ಲ ಎಂದು ನಮ್ಮ ಹೈಕೋರ್ಟು 2022ರಲ್ಲಿ ಜಾಮೀನು ಅರ್ಜಿಯೊಂದನ್ನು ತೀರ್ಮಾನಿಸುವಾಗ ಹೇಳಿದೆ. ಆ ಪ್ರಕರಣದಲ್ಲಿ ಸಿಕ್ಕಿದ್ದು 29 ಕೆ.ಜಿ. ಭಂಗಿ. ಒಂದೇ ಕಾಂಡ, ಒಂದೇ ಬೇರು, ಒಂದೇ ಗೊಬ್ಬರ. ಆದರೆ ಎಲೆ ಸಂಭಾವಿತ, ಹೂವು ಕಳ್ಳ. ಬೀಜವಂತೂ ಮಗು.

ನಾನು ಬಹಳ ದಿನ ಇದನ್ನು ಕಾನೂನಿನ ಎಡವಟ್ಟು ಎಂದುಕೊಂಡಿದ್ದೆ. ಬಸ್ ನಿಲ್ದಾಣದ ಗೂಡಂಗಡಿ ಮುಂದೆ ನಿಂತಾಗ ಜ್ಞಾನೋದಯವಾಯಿತು. ಕರ್ನಾಟಕದಲ್ಲಿ 2013ರಿಂದ ಗುಟ್ಕಾ ನಿಷೇಧ. ಅಂಗಡಿಯಲ್ಲಿ ಎರಡು ಸರ ತೂಗುತ್ತವೆ: ಒಂದರಲ್ಲಿ ಪಾನ್ ಮಸಾಲ, ಪಕ್ಕದ್ದರಲ್ಲಿ ತಂಬಾಕಿನ ಪೊಟ್ಟಣ. ಗಿರಾಕಿ ಎರಡು ಬೆರಳು ಎತ್ತುತ್ತಾನೆ, ಅಂಗಡಿಯವನು ಎರಡನ್ನೂ ಹರಿದು ಕೊಡುತ್ತಾನೆ, ಆತ ಅಲ್ಲೇ ಬೆರೆಸಿ ಕುಲುಕಿ ಬಾಯಿಗೆ ಹಾಕಿಕೊಳ್ಳುತ್ತಾನೆ. ಒಂದೇ ಪೊಟ್ಟಣದಲ್ಲಿದ್ದರೆ ಅಪರಾಧ, ಎರಡಾದರೆ ವ್ಯಾಪಾರ. ಗಾಂಜಾದ್ದೂ ಅದೇ ನ್ಯಾಯ. ನಮ್ಮ ಕಾನೂನಿಗೆ ಅವಿಭಕ್ತ ಕುಟುಂಬ ಕಂಡರಾಗದು. ಹಿಸ್ಸೆ ಮಾಡಿಕೊಂಡು ಬನ್ನಿ, ಎಲ್ಲ ಸಲೀಸು.

ಹೀಗೆ ಬರೆಯುವಾಗ ನನ್ನ ಕೈ ಸ್ವಲ್ಪ ನಡುಗುತ್ತದೆ, ಏಕೆಂದರೆ ಆ ಮೊದಲನೆಯ ಪೊಟ್ಟಣದೊಳಗಿರುವುದು ನಮ್ಮದೇ ತೋಟದ ಮಾಲು. ಮನೆಯ ಹಂಚು, ಮಗಳ ಕಾಲೇಜು ಶುಲ್ಕ, ಈ ಅಂಕಣ ಬರೆಯುವಷ್ಟು ಬಿಡುವು, ಎಲ್ಲ ಅಡಿಕೆಯ ಕೃಪೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲನೆಯ ಗುಂಪಿಗೆ ಸೇರಿಸಿತು. ತಂಬಾಕು, ಮದ್ಯ ಕುಳಿತಿರುವ ಪಂಕ್ತಿ ಅದು. ಸುದ್ದಿ ಕೇಳಿ ಮಲೆನಾಡಿನ ಎಲ್ಲ ಪಕ್ಷಗಳೂ ಒಂದಾದವು. ನದಿ ಜೋಡಣೆಗೂ ಒಂದಾಗದವರು ಇದಕ್ಕೆ ಒಂದಾದರು. ಸಂಶೋಧನೆ ಮಾಡಿಸಿ ಅಡಿಕೆ ಹಾನಿಕರವಲ್ಲ ಎಂದು ಸಾಬೀತುಪಡಿಸುತ್ತೇವೆ ಎಂದು ವೇದಿಕೆಯಿಂದ ವೇದಿಕೆಗೆ ಭರವಸೆ ಹರಿದು ಬರುತ್ತಲೇ ಇದೆ. ಫಲಿತಾಂಶ ಮೊದಲು, ಪ್ರಯೋಗ ಆಮೇಲೆ. ನಾನೂ ಚಪ್ಪಾಳೆ ತಟ್ಟಿದವನೇ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಕ್ವಿಂಟಾಲಿಗೆ ಇಷ್ಟು ಬೆಲೆ ಬಂದ ಮೇಲೆ ಆನೆ ಯಾರಿಗೆ ಬೇಕು?

ಗಾಂಜಾಕ್ಕೆ ಹಾಗೆ ವೇದಿಕೆ ಹತ್ತಿ ಮಾತನಾಡುವ ಶಾಸಕರಿಲ್ಲ, ಸಹಕಾರ ಸಂಘವಿಲ್ಲ, ಮಂಡಿಯಿಲ್ಲ. ಅದರ ತಪ್ಪು ಅಷ್ಟೇ. ಹಿಂದೆ ಹೀಗಿರಲಿಲ್ಲ. ಬ್ರಿಟಿಷರ ಕಾಲದಲ್ಲಿ ಗಾಂಜಾ ಪರವಾನಗಿಯ ಅಂಗಡಿಗಳಲ್ಲೇ ಮಾರಾಟವಾಗುತ್ತಿತ್ತು, ಸುಂಕ ಖಜಾನೆಗೆ ಹೋಗುತ್ತಿತ್ತು. 1893ರಲ್ಲಿ ಆಯೋಗವೊಂದನ್ನು ನೇಮಿಸಿ, ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನು ಕೇಳಿ, ಸಂಪುಟಗಟ್ಟಲೆ ವರದಿ ಬರೆಸಿ, ಮಿತವಾದ ಸೇವನೆಯಿಂದ ದೊಡ್ಡ ಹಾನಿಯಿಲ್ಲ, ಪೂರ್ತಿ ನಿಷೇಧ ಬೇಡ ಎಂಬ ತೀರ್ಮಾನಕ್ಕೆ ಬಂದರು. ಆಮೇಲೆ 1961ರ ಅಂತಾರಾಷ್ಟ್ರೀಯ ಒಪ್ಪಂದಕ್ಕೆ ನಾವು ಸಹಿ ಹಾಕಿದೆವು. ಗಾಂಜಾ ಬಿಡಲು ಇಪ್ಪತ್ತೈದು ವರ್ಷ ವಾಯಿದೆ ಸಿಕ್ಕಿತು. ವಾಯಿದೆ ತೀರುವ ಹೊತ್ತಿಗೆ ಗಡಿಬಿಡಿಯಲ್ಲಿ ಕಾಯ್ದೆ ಮಾಡಿ 1985ರ ನವೆಂಬರ್ 14ರಂದು, ಮಕ್ಕಳ ದಿನಾಚರಣೆಯ ದಿನವೇ, ಜಾರಿಗೆ ತಂದೆವು. 2020ರ ಡಿಸೆಂಬರಿನಲ್ಲಿ ಗಾಂಜಾವನ್ನು ಅತ್ಯಂತ ಅಪಾಯಕಾರಿ ಮಾದಕಗಳ ಪಟ್ಟಿಯಿಂದ ತೆಗೆಯಬೇಕೇ ಎಂದು ವಿಯೆನ್ನಾದಲ್ಲಿರುವ ವಿಶ್ವಸಂಸ್ಥೆಯ ಆಯೋಗದಲ್ಲಿ ಮತ ಹಾಕಿದಾಗ 27–25ರಲ್ಲಿ ತೆಗೆಯುವವರು ಗೆದ್ದರು. ಆ 27ರಲ್ಲಿ ಭಾರತವೂ ಒಂದು. ಅದೇ ವರ್ಷ ನಮ್ಮ ಟಿ.ವಿ.ಗಳು ಸಿನಿಮಾದವರ ಮೊಬೈಲ್ ಸಂದೇಶಗಳಲ್ಲಿ ಗಾಂಜಾ ಹುಡುಕುತ್ತಾ ತಿಂಗಳುಗಟ್ಟಲೆ ಅರಚಿದ್ದು ನೆನಪಿರಬಹುದು. ವಿಯೆನ್ನಾದಲ್ಲಿ ಎತ್ತಿದ ಕೈ ಬೇರೆ, ಇಲ್ಲಿ ಕೊರಳಪಟ್ಟಿ ಹಿಡಿದ ಕೈ ಬೇರೆ.

ಸಾರಾಯಿಯನ್ನು 2007ರಲ್ಲಿ ನಿಷೇಧಿಸಿದ ಸರ್ಕಾರದ ಖಜಾನೆಗೆ 2025–26ರ ಬಜೆಟ್ಟಿನಲ್ಲಿ ಅಬಕಾರಿ ಇಲಾಖೆ ತಂದುಕೊಡಬೇಕಾದ ಗುರಿ 40,000 ಕೋಟಿ ರೂಪಾಯಿ. ಗುರಿ ಎನ್ನುವ ಮಾತನ್ನು ಗಮನಿಸಿ. ಮಲೇರಿಯಾ ನಿರ್ಮೂಲನೆಗೂ ಗುರಿ ಎನ್ನುತ್ತಾರೆ. ಅದೇ ಸರ್ಕಾರದಲ್ಲಿ ಮದ್ಯಪಾನ ಸಂಯಮ ಮಂಡಳಿ ಎಂಬುದೊಂದಿದೆ. ಸಂಯಮ ಕಲಿಸುವವರು ಗೆದ್ದರೆ ಗುರಿ ತಲುಪುವವರು ಸೋಲುತ್ತಾರೆ. ಯಾರೂ ಸೋಲಬಾರದೆಂದು ಇಬ್ಬರಿಗೂ ಸಂಬಳ ಕೊಟ್ಟು ಸಮತೋಲನ ಕಾಯ್ದುಕೊಂಡಿದ್ದಾರೆ.

ಹಾಗೆಂದು ಗಾಂಜಾ ಪರ ಹೋರಾಟಗಾರರ ಮಾತಿಗೂ ನನಗೆ ತಲೆದೂಗಲು ಆಗುವುದಿಲ್ಲ. ವಾರದ ಕೊನೆಗೆ ಬೆಂಗಳೂರಿನಿಂದ ಹೋಂಸ್ಟೇಗೆ ಬರುವ ಹುಡುಗರಲ್ಲಿ ಒಬ್ಬ ನನಗೆ ಪಾಠ ಹೇಳಿದ: ‘ಅಂಕಲ್, ಇದು ಗಿಡ. ಪ್ರಕೃತಿ ಕೊಟ್ಟದ್ದು.’ ಹಿಂದೆಯೇ ವಿಷದ ಕಾಸರಕನ ಮರವಿತ್ತು, ತೋರಿಸಿದೆ. ಅದರ ಹಣ್ಣೂ ಪ್ರಕೃತಿ ಕೊಟ್ಟದ್ದೇ, ಪಾನಕ ಮಾಡಿಸಲೇ ಎಂದು ಕೇಳಿದೆ. ಆಮೇಲೆ ಶಿವನ ಹೆಸರು ಬಂತು. ಶಿವನ ಮಿಕ್ಕ ಅಭ್ಯಾಸಗಳಾದ ಸ್ಮಶಾನವಾಸ, ತಲೆಯ ಮೇಲೆ ತಣ್ಣೀರು ಇವುಗಳಲ್ಲಿ ಅವರಿಗೆ ಆಸಕ್ತಿಯಿಲ್ಲ. ಗೀಸರ್ ಕೆಟ್ಟರೆ ಒಂದೇ ಸ್ಟಾರ್ ಕೊಟ್ಟು ಹೋಗುತ್ತಾರೆ. ಹದಿನಾರು ಹದಿನೇಳರ ಹುಡುಗರಿಗೆ ಇದು ಒಳ್ಳೆಯದಲ್ಲ, ಕೆಲವರಲ್ಲಿ ಚಿತ್ತ ಕದಡುತ್ತದೆ ಎಂದು ಮನೋವೈದ್ಯರು ಹೇಳುವುದು ಸುಮ್ಮನೆ ಹೆದರಿಸಲಿಕ್ಕಲ್ಲ. ಆ ಮಾತನ್ನು ಕೇಳಿಸಿಕೊಂಡು ಕಾಯ್ದೆ ಬರೆಯಬಹುದು. ಹಸಿ ಚೀಲ ತೂಗಿ ಅಲ್ಲ.

ಒಂದು ವೇಳೆ ಸರ್ಕಾರ ಸಮ್ಮತಿ ಕೊಟ್ಟಿತು ಎನ್ನಿ. ಉತ್ತರಾಖಂಡ ಗಿಡದ ನಾರು ತೆಗೆಯಲೆಂದು ಬೆಳೆಯಲು ಬಿಟ್ಟಿದೆ, ಹಿಮಾಚಲವೂ ಅದೇ ಹಾದಿಯಲ್ಲಿದೆ. ಥಾಯ್ಲೆಂಡ್ 2022ರಲ್ಲಿ ಬಾಗಿಲು ತೆರೆದು ಮೂರೇ ವರ್ಷದಲ್ಲಿ ಅರ್ಧ ಮುಚ್ಚಿತು. ನಮ್ಮಲ್ಲಿ ಏನಾಗುತ್ತದೆ ಎಂದು ಹೇಳಲು ಜ್ಯೋತಿಷ್ಯ ಬೇಡ. ಮೊದಲ ವರ್ಷ ಎಲ್ಲರೂ ಶುಂಠಿ ಕಿತ್ತು ಗಾಂಜಾ ಹಾಕುತ್ತೇವೆ. ಎರಡನೆಯ ವರ್ಷ ಬೆಲೆ ಬಿದ್ದು ಬೆಂಬಲ ಬೆಲೆಗಾಗಿ ಶಿವಮೊಗ್ಗದ ಜಿಲ್ಲಾಧಿಕಾರಿ ಕಚೇರಿಯ ಮುಂದೆ ಕೂರುತ್ತೇವೆ. ಕೊಳೆ ರೋಗ ಬಂತೆಂದು ಬೋರ್ಡೋ ದ್ರಾವಣ ಹೊಡೆಯುತ್ತೇವೆ. ‘ಬರ್ಮಾ ಗಾಂಜಾ ಆಮದು ನಿಲ್ಲಿಸಿ’ ಎಂದು ಅಡಿಕೆಯ ಹಳೆಯ ಬ್ಯಾನರಿನಲ್ಲೇ ಒಂದು ಪದ ತಿದ್ದಿ ಹಿಡಿಯುತ್ತೇವೆ. ಸಹಕಾರ ಸಂಘದ ನಿರ್ದೇಶಕರ ಚುನಾವಣೆಯಲ್ಲಿ ಮತದಾರರಿಗೆ ಬ್ರಾಂಡಿ ಹಂಚುತ್ತೇವೆ. ಬೆಳೆಗೆ ನುಗ್ಗುವ ಮಂಗಗಳು ಮಾತ್ರ, ನನಗನಿಸುವಂತೆ, ಮೊದಲ ಬಾರಿಗೆ ಒಂದು ಕಡೆ ಕುಳಿತುಕೊಳ್ಳುತ್ತವೆ.

ಜೂನ್ 26 ಮಾದಕವಸ್ತು ವಿರೋಧಿ ದಿನ. ಅಂದು ಹಿಡಿದ ಮಾಲನ್ನು ಸುಡುವ ಶಾಸ್ತ್ರವಿದೆ. ಮೇಜಿನ ಮೇಲೆ ಪೊಟ್ಟಣ ಜೋಡಿಸಿ, ಹಿಂದೆ ಸಾಲಾಗಿ ನಿಂತು ಫೋಟೊ ತೆಗೆಸಿಕೊಂಡು, ಬೆಂಕಿ. ಸುಡುವ ಮುನ್ನ ಮತ್ತೊಮ್ಮೆ ತೂಗುತ್ತಾರೆ. ಆಗ ಹಸಿ ಆರಿ ಇಪ್ಪತ್ತೊಂದು ಕೆ.ಜಿ. ಇದ್ದದ್ದು ಮೂರೂವರೆ ಆಗಿರುತ್ತದಲ್ಲ, ಉಳಿದದ್ದು ಎಲ್ಲಿ ಹೋಯಿತು ಎಂದು ಯಾರಾದರೂ ಕೇಳಿದರೆ? ಉತ್ತರ ಪ್ರದೇಶದ ಮಥುರಾದಲ್ಲಿ 2022ರಲ್ಲಿ ಈ ಪ್ರಶ್ನೆ ಎದ್ದಾಗ 581 ಕೆ.ಜಿ. ಗಾಂಜಾವನ್ನು ಇಲಿಗಳು ತಿಂದವು ಎಂದು ಪೊಲೀಸರು ನ್ಯಾಯಾಲಯಕ್ಕೆ ತಿಳಿಸಿದ್ದರು. ನಮ್ಮ ಅಟ್ಟದ ಇಲಿಗಳಿಗೆ ಅಡಿಕೆ ಚೀಲ ಕಡಿಯುವುದರಲ್ಲೇ ಹಲ್ಲು ಸವೆದಿದೆ, ಆ ಮಟ್ಟದ ಸಾಧನೆ ಇವುಗಳಿಂದಾಗದು.

ಆ ದಿನ ದೊಡ್ಡಪ್ಪ ಪಂಚನಾಮೆಗೆ ಸಹಿ ಹಾಕಿದರು. ಹಾಕುವ ಮುನ್ನ ಕನ್ನಡಕ ಒರೆಸಿಕೊಂಡು ಎರಡು ಸಲ ಓದಿ, ‘ಬೇರು, ಮಣ್ಣು ಸೇರಿ ಎಂದು ಒಂದು ಮಾತು ಸೇರಿಸಿ ಸ್ವಾಮಿ’ ಎಂದರು. ಸೇರಿಸಲಿಲ್ಲ.

ಮುಂದಿನ ತಿಂಗಳು ಹೊಸ ಅಡಿಕೆಯ ಮೊದಲ ಎಂಟು ಮೂಟೆ ಮಂಡಿಗೆ ಹೋಯಿತು. ಖರೀದಿದಾರ ಕೈ ಹಾಕಿ ನಾಲ್ಕು ಅಡಿಕೆ ತೆಗೆದು, ಒಂದನ್ನು ಕಚ್ಚಿ, ಮುಖ ಕಿವುಚಿ, ‘ಹಸಿ ಇದೆ, ಮೂಟೆಗೆ ಒಂದೂವರೆ ಕೆ.ಜಿ. ಕಳೆಯಬೇಕು’ ಎಂದ. ಬೇರೆ ವರ್ಷವಾಗಿದ್ದರೆ ದೊಡ್ಡಪ್ಪ ಮುಕ್ಕಾಲು ಗಂಟೆ ವಾದ ಮಾಡುತ್ತಿದ್ದರು. ಈ ಸಲ ನನ್ನ ಕಡೆ ತಿರುಗಿ, ‘ಮಾರಾಯ, ಆ ಸಾಹೇಬರ ಫೋನ್ ನಂಬರ್ ಇದೆಯೇ ನೋಡು. ತೂಕಕ್ಕೆ ಅವರನ್ನೇ ಕರೆಸೋಣ’ ಎಂದರು.